ಡಬಲ್ ಸವಾರಿ ನಡಿಯಂಗಿಲ್ಲ

ಎಂಬತ್ತರ ದಶಕದ ಕೊನೆಯಲ್ಲಿ ಲಿಂಗಸುಗೂರಿನಲ್ಲಿ ಒಬ್ಬ ಪೊಲೀಸಪ್ಪನಿದ್ದ. ಸೈಕಲ್ ಮೇಲೆ ಇಬ್ಬರು ಕೂತದ್ದು ಕಂಡರೆ ಅವನಿಗೆ ಮೈಯೆಲ್ಲ ಉರಿ. ಹಿಡಿದು ನಿಲ್ಲಿಸಿ ಎರಡೂ ಗಾಲಿಯ ಗಾಳಿ ಬಿಡುತ್ತಿದ್ದ. ಲಾರಿಯ ನೆತ್ತಿಯ ಮೇಲೆ ನಲವತ್ತು ಜನ ಕೂತು ಬಂದರೆ ಮಾತ್ರ ಕೈ ಬೀಸಿ ದಾರಿ ಬಿಡಿಸುತ್ತಿದ್ದ.

ಹಾಗಾಗಿ ಸುತ್ತಲಿನ ಹಳ್ಳಿಯವರೆಲ್ಲ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಅವನು ನಿಲ್ಲುವ ಸರ್ಕಲ್ಲಿಗೆ ಇನ್ನೂ ಐವತ್ತು ಹೆಜ್ಜೆ ಇರುವಾಗಲೇ ಕ್ಯಾರಿಯರ್ ಮೇಲಿನವರು ಇಳಿಯಬೇಕು. ಗಂಡ ಒಬ್ಬನೇ ತುಳಿದು ಸರ್ಕಲ್ ದಾಟಿ, ಆಚೆಯ ಬೇವಿನ ಮರದ ಕೆಳಗೆ ಒಂದು ಕಾಲೂರಿ ನಿಲ್ಲಬೇಕು. ಹಿಂತಿರುಗಿ ನೋಡಬಾರದು, ನೋಡಿದರೆ ಸಂಬಂಧ ಗೊತ್ತಾಗಿಬಿಡುತ್ತದೆ. ಹೆಂಡತಿ ಯಾರೋ ಎಂಬಂತೆ ನಡೆದು ಬಂದು ಹತ್ತಬೇಕು. ಕ್ಯಾರಿಯರ್ ಭಾರಕ್ಕೆ ಕುಸಿದೊಡನೆ ಗಂಡ ತುಳಿಯಬೇಕು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಆ ಮರದ ಕೆಳಗೆ ಆರೇಳು ಗಂಡಸರು ಆಕಾಶ ನೋಡುತ್ತ ನಿಂತಿರುತ್ತಿದ್ದರು. ಎಲ್ಲರ ಸೈಕಲ್ಲೂ ಕರಿ ಬಣ್ಣದ್ದೇ.

ಆ ದಿನ ನನಗೆ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ, ಎರಡನೇ ಸಲ. ಮೊದಲ ಸಲ ಫೇಲಾದಾಗ ಅತ್ತೆ, ಇನ್ನೊಮ್ಮೆ ಹೀಗಾದರೆ ಪುಸ್ತಕವೆಲ್ಲ ಒಲೆಗೆ ಎಂದಿದ್ದರು. ಗಂಡ ಏನೂ ಅನ್ನಲಿಲ್ಲ. ಮೊದಲೇ ಮಾತು ಕಮ್ಮಿ, ಆಮೇಲಂತೂ ಪರೀಕ್ಷೆಯ ಸುದ್ದಿಯನ್ನೇ ಎತ್ತಲಿಲ್ಲ. ನನ್ನಿಂದ ಅವರಿಗೆ ನಾಚಿಕೆಯಾಗಿದೆ ಎಂದು ತಿಳಿದು ನಾನು ಒಳಗೊಳಗೇ ಕೊರಗಿದ್ದೆ.

ಸರ್ಕಲ್ಲಿನಲ್ಲಿ ಪೊಲೀಸಪ್ಪ ನನ್ನನ್ನು ತಡೆದ.

"ಮುಂದ ಹೋದನಲ್ಲ, ನಿನ್ನ ಗಂಡ ಏನು?"

"ಅಲ್ರೀ. ಯಾರೋ ಏನೋ."

ಅಷ್ಟು ಹೇಳಿ ತಲೆಯೆತ್ತಿದರೆ, ಕಣ್ಣು ಮಂಜಾದ ಒಬ್ಬ ಮುದುಕಿ ತಡವರಿಸುತ್ತ ಬಂದು ನನ್ನ ಗಂಡನ ಕ್ಯಾರಿಯರ್ ಹತ್ತಿ ಕೂತಳು. ಕ್ಯಾರಿಯರ್ ಕುಸಿಯಿತು. ನನ್ನ ಗಂಡ ತುಳಿದೇಬಿಟ್ಟರು. ನಾನು ಆ ಮುದುಕಿಯಷ್ಟೇ ತೂಕವಿದ್ದೆನೇ ಎಂದು ಇವತ್ತಿಗೂ ನನಗೆ ಸಿಟ್ಟಿದೆ.

"ಅಯ್ಯ, ನನ್ನ ಗಂಡ ಹೋದ್ರು!" ಎಂದು ಕಿರುಚಿದೆ.

"ಈಗ ಯಾರೋ ಅಂದ್ಯಲ್ಲ!" ಎಂದ ಪೊಲೀಸಪ್ಪ.

ಮರದ ಕೆಳಗಿನಿಂದ ಮುದುಕಿಯ ಮಗ ಸೈಕಲ್ ತಳ್ಳಿಕೊಂಡು ಓಡಿ ಬಂದ. "ತಂಗೀ, ನಮ್ಮವ್ವನ್ನ ದವಾಖಾನಿಗೆ ಕರಕೊಂಡು ಹೊಂಟಿದ್ದೆ. ನಿನ್ನ ಗಂಡ ಒಯ್ದುಬಿಟ್ಟಾನ! ಹತ್ತು, ಬೆನ್ನು ಹತ್ತೋಣು."

"ಡಬಲ್ ಸವಾರಿ ನಡಿಯಂಗಿಲ್ಲ," ಎಂದು ಪೊಲೀಸಪ್ಪ ಹ್ಯಾಂಡಲ್ ಹಿಡಿದ.

ಪರೀಕ್ಷೆಗೆ ಇನ್ನು ಹತ್ತೇ ನಿಮಿಷ.

"ಒಬ್ಬರ ಹೋದ್ರ?" ಎಂದು ಕೇಳಿದೆ.

"ಒಬ್ಬರಿಗೆ ಅಡ್ಡಿಯಿಲ್ಲ."

ತುರ್ವಿಹಾಳದ ತವರಿನಲ್ಲಿ, ಕಾಲುವೆ ದಂಡೆಯ ಮೇಲೆ, ಅಣ್ಣನ ಸೈಕಲ್ ಕದ್ದೊಯ್ದು ಕಲಿತಿದ್ದೆ. ಮದುವೆಯಾದ ಮೇಲೆ ಯಾರಿಗೂ ಹೇಳಿರಲಿಲ್ಲ. ಸರ್ಕಲ್ಲಿನ ನಟ್ಟನಡುವೆ, ನೆಲ್ಲು ಹಚ್ಚಲು ಗದ್ದೆಗಿಳಿಯುವಾಗ ಕಟ್ಟುವಂತೆ ಸೀರೆಗೆ ಕಚ್ಚೆ ಹಾಕಿದೆ. ಕಂಪಾಸ್ ಬಾಕ್ಸನ್ನು ಸೊಂಟಕ್ಕೆ ಸಿಕ್ಕಿಸಿ, ಆ ಮನುಷ್ಯನ ಕೈಯಿಂದ ಸೈಕಲ್ ಕಸಿದು ಹತ್ತಿದೆ. ಪೊಲೀಸಪ್ಪ ಕಾಯ್ದೆ ಹೇಳಲು ಬಾಯಿ ತೆರೆದ, ಒಂದೂ ನೆನಪಾಗಲಿಲ್ಲ. ಸೈಕಲ್ಲಿನ ಮಾಲೀಕ ಏದುಸಿರು ಬಿಡುತ್ತ ನನ್ನ ಹಿಂದೆ ಓಡಿ ಬರುತ್ತಿದ್ದ.

ಶಾಲೆಯ ಗೇಟಿನ ಮುಂದೆ ನನ್ನ ಗಂಡ ಆಗಷ್ಟೇ ಹಿಂತಿರುಗಿ, ತಾವು ಕರೆತಂದ ಹೆಂಡತಿಯನ್ನು ನೋಡಿ ಬೆವರುತ್ತಿದ್ದರು. ಮುದುಕಿ ಮಾತ್ರ ಹಾಯಾಗಿದ್ದಳು. ನಾನು ಯಾರೆಂದು ತಿಳಿದೊಡನೆ ಬಂದು ಕೈ ಹಿಡಿದಳು.

"ಯವ್ವಾ, ದಾರಿ ತುಂಬ ಮಾತಾಡ್ಯಾನ ನಿನ್ನ ಗಂಡ. ಅಂಜಬ್ಯಾಡ ಅಂದ. ಈ ಸಲ ಆಗದಿದ್ರ ಮತ್ತ ಪರೀಕ್ಷಾ ಕಟ್ಟೂಣು, ಅವ್ವಗ ನಾ ಹೇಳ್ತೀನಿ ಅಂದ. ನೀ ಒಲಿ ಮುಂದ ಕುಂತು ಲೆಕ್ಕ ಬಿಡಸೋದು ನೋಡಿದ್ರ ನನಗ ಹೆಮ್ಮಿ ಅಂದ. ನಾ ಹೂಂ ಅಂದೆ. ನಾ ನಿನ್ನ ಹೆಂಡ್ತಿ ಅಲ್ಲಪ ಅಂತ ಹೇಳಬೇಕು ಅನ್ನಸ್ತು. ಆದ್ರ ಅಷ್ಟು ಚಂದ ಮಾತಾಡಾಕತ್ತಿದ್ದ, ನಿಲ್ಲಸಾಕ ಮನಸ್ಸು ಬರಲಿಲ್ಲ."

ಒಂದೂವರೆ ವರ್ಷದ ಸಂಸಾರದಲ್ಲಿ ನಾನು ಕೇಳದ ಮಾತುಗಳನ್ನೆಲ್ಲ ಯಾರದೋ ತಾಯಿ ಕೇಳಿಬಿಟ್ಟಿದ್ದಳು. ನನಗೆ ಅಳು ಬಂತು, ಹೊಟ್ಟೆಕಿಚ್ಚೂ ಆಯಿತು.

ಗಂಡ ನನ್ನ ಕಚ್ಚೆಯನ್ನೂ ಸೈಕಲ್ಲನ್ನೂ ಮತ್ತೆ ಮತ್ತೆ ನೋಡಿ, "ನೀ ಸೈಕಲ್ ಹೊಡಿತೀ?" ಎಂದರು.

"ನೀವು ಮಾತಾಡ್ತೀರಿ?" ಎಂದೆ.

ಗಂಟೆ ಹೊಡೆಯಿತು. ಕಚ್ಚೆ ಬಿಚ್ಚಲು ಪುರುಸೊತ್ತಿರಲಿಲ್ಲ, ಹಾಗೇ ಒಳಗೆ ಹೋಗಿ ಕೂತೆ.