ರೇವತಿ ಓದದೆ ಬಿಟ್ಟ ಸೂಚನೆ

ಹೊನ್ನಕೆರೆ ಬಡಾವಣೆಯಲ್ಲಿ ರೇವತಿಯನ್ನು ಕಾಣದವರಿಲ್ಲ, ಆದರೆ ಅವಳ ಜೊತೆ ಕೂತು ಮಾತಾಡಿದವರು ಇಲ್ಲವೆಂದೇ ಹೇಳಬೇಕು. ದಾವಣಗೆರೆಯ ವಿದ್ಯಾನಗರ ದಾಟಿ ಇನ್ನಷ್ಟು ಮುಂದೆ ಹೋದರೆ ಒಂದು ಹಳೆಯ ಕೆರೆ, ಕೆರೆಯ ಈಚೆಗೆ ಈ ಬಡಾವಣೆ. ಇಲ್ಲಿ ಮನೆ ಮಾಲೀಕರದೊಂದು ಸಂಘ, ಸಂಘಕ್ಕೊಂದು ಆಫೀಸು, ಆ ಆಫೀಸಿಗೆ ಇರುವ ಒಬ್ಬಳೇ ಗುಮಾಸ್ತೆ ರೇವತಿ. ನಲ್ಲಿಯಲ್ಲಿ ನೀರು ಬಾರದಿದ್ದರೆ, ಬೀದಿ ದೀಪ ಉರಿಯದಿದ್ದರೆ, ಪಕ್ಕದ ಖಾಲಿ ಸೈಟಿನಲ್ಲಿ ಹಾವು ಕಂಡರೆ ಜನ ಅವಳಿಗೆ ಫೋನು ಮಾಡುತ್ತಾರೆ. ಹೇಳುವುದು ಮುಗಿಯುತ್ತಲೇ ಫೋನು ಇಡುತ್ತಾರೆ. ಊಟ ಆಯಿತೇನಮ್ಮ ಎಂದು ಕೇಳುವುದು ಅವರಿಗೆ ಹೊಳೆದಿಲ್ಲ. ಅದಕ್ಕಾಗಿ ಅವಳೂ ಯಾರ ಮೇಲೂ ಮುನಿಸಿಕೊಂಡವಳಲ್ಲ.

ಹುಟ್ಟೂರು ಹರಿಹರ. ಹೊಳೆಗೆ ಹೋಗುವ ಓಣಿಯಲ್ಲಿ ಮನೆ. ಇಪ್ಪತ್ತೆರಡು ತುಂಬುವ ಹೊತ್ತಿಗೆ ರಾಣೇಬೆನ್ನೂರಿಗೆ ಮದುವೆ ಮಾಡಿ ಕೊಟ್ಟರು. ವರ್ಷ ಕಳೆಯುವ ಮೊದಲೇ ಟ್ರಂಕು ಹಿಡಿದುಕೊಂಡು ವಾಪಸು ಬಂದಳು. ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಲೂ ಇರಲಿಲ್ಲ. ಅವನು ಅವಳ ಜೊತೆ ಮಾತೇ ಆಡುತ್ತಿರಲಿಲ್ಲ. ಉಪ್ಪು ಬೇಕಾದರೆ ತಟ್ಟೆಯತ್ತ ಬೆರಳು ತೋರಿಸುತ್ತಿದ್ದ.

"ಇದೂ ಒಂದು ಕಾರಣ ಏನೇ?" ಎಂದು ಅಣ್ಣ ರವಿಚಂದ್ರ ಕೇಳಿದ. ಅಣ್ಣನ ಮನೆಯಲ್ಲಿ ಇರಗೊಟ್ಟರು, ಆದರೆ ನೆಂಟರು ಬಂದಾಗ ಅಡಿಗೆಮನೆಯಿಂದ ಹೊರಗೆ ಬರಬಾರದೆಂಬುದು ಹೇಳದೆಯೇ ಗೊತ್ತಾಗುವ ಹಾಗೆ ನಡೆದುಕೊಂಡರು. ಟೈಪಿಂಗ್ ಕಲಿತ ಮೇಲೆ ಅವಳು ದಾವಣಗೆರೆಗೆ ಬಂದು ಹತ್ತಿ ವ್ಯಾಪಾರಿಯೊಬ್ಬರ ಆಫೀಸಿಗೆ ಸೇರಿದಳು. ದೇವರಾಜ ಅರಸು ಬಡಾವಣೆಯಲ್ಲೊಂದು ಬಾಡಿಗೆ ಕೋಣೆ ಹಿಡಿದಳು. ವ್ಯಾಪಾರಿ ತೀರಿಕೊಂಡು ಅಂಗಡಿ ಮುಚ್ಚಿದಾಗ ಅವಳಿಗೆ ನಲವತ್ತು ದಾಟಿತ್ತು. ಆಮೇಲೆ ಸಿಕ್ಕಿದ್ದು ಈ ಸಂಘದ ಕೆಲಸ. ಬಡಾವಣೆಯಲ್ಲೇ ಒಬ್ಬರ ಮನೆ ಹಿತ್ತಲಿನ ಔಟ್‌ಹೌಸಿನಲ್ಲಿ ಉಳಿದುಕೊಂಡಳು. ಹರಿಹರ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯೂ ಅಲ್ಲ. ಹೋಗಿ ವರ್ಷಗಳಾಗಿದ್ದವು.

ಕೆರೆಯ ಏರಿಯ ಮೇಲೆ ಸಂಘದವರು ನಡೆದಾಡಲು ಹಾದಿ ಮಾಡಿಸಿದ್ದರು. ಅಕ್ಕಪಕ್ಕ ಹೊಂಗೆ ಗಿಡ, ಅಲ್ಲಲ್ಲಿ ಕಲ್ಲುಬೆಂಚು. ಬೆಳಗ್ಗೆ ಬಿಸಿಲೇರುವ ಮೊದಲು ಅವಳು ಅಲ್ಲಿ ಒಂದು ಸುತ್ತು ಹಾಕುತ್ತಿದ್ದಳು. ಅಲ್ಲೇ ಹಜೀರಾಬೀಯ ಪರಿಚಯವಾದದ್ದು.

ಹಜೀರಾಬೀ ಕೆರೆಯ ಆಚೆ ದಂಡೆಯ ಓಣಿಯವಳು. ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತು ಅವಳ ಮೊಣಕಾಲು ಹಾಳಾಗಿದ್ದವು. ಮಣ್ಣಿನ ಹಾದಿಯಲ್ಲಿ ದಿನಾ ನಡೆಯಿರಿ, ಡಾಂಬರಿನ ಮೇಲೆ ಬೇಡ ಎಂದು ಡಾಕ್ಟರು ಹೇಳಿದ್ದರು. ಮೊದಲ ದಿನ ತೂಬಿನ ಪಕ್ಕದ ಕಲ್ಲಿನ ಮೇಲೆ ಏದುಸಿರು ಬಿಡುತ್ತ ಕೂತವಳು, ಪರಿಚಯವೇ ಇಲ್ಲದ ರೇವತಿಯ ಕಡೆ ತಿರುಗಿ, "ಯವ್ವಾ, ನನ್ನ ಸ್ವಲ್ಪ ಎಬ್ಬಿಸ್ತೀಯೇನು? ಕುಂತೆ, ಏಳಾಕ ಆಗವಲ್ದು" ಎಂದಳು. ಕೈ ಕೊಟ್ಟು ಎಬ್ಬಿಸಿದ ರೇವತಿಗೆ ತಾನು ಇನ್ನೊಬ್ಬರ ಕೈ ಹಿಡಿದು ಎಷ್ಟು ಕಾಲವಾಯಿತೆಂದು ನೆನಪಾಗಲಿಲ್ಲ.

ಅಂದಿನಿಂದ ಇಬ್ಬರೂ ಒಟ್ಟಿಗೆ ನಡೆದರು. ಮಾತು ಹೆಚ್ಚಾಗಿ ಹಜೀರಾಬೀಯದು. ಸೊಸೆ ರಹೀಮುನ್ನೀಸಾ ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕುತ್ತಾಳೆ, ಹರಿಹರದಲ್ಲಿರುವ ಮಗಳು ಫೋನಿನಲ್ಲಿ ಬರೀ ಅಳುತ್ತಾಳೆ, ಭಟ್ಟಿಯಲ್ಲಿ ಒಮ್ಮೆ ಸೆರಗಿಗೆ ಬೆಂಕಿ ಹತ್ತಿದಾಗ ಗಂಡ ನೀರಿನ ಬದಲು ಚಹಾ ಸುರಿದ. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು. ರೇವತಿ ನಗುತ್ತಿದ್ದಳು. ಒಂದು ದಿನ ರಾಣೇಬೆನ್ನೂರಿನ ಕತೆಯನ್ನೂ ಹೇಳಿದಳು. ಹಜೀರಾಬೀ, "ಬಂದಿದ್ದು ಚಲೋ ಮಾಡ್ದಿ ಬಿಡು. ಮಾತಿಲ್ದ ಮನ್ಯಾಗ ಹೆಂಗೆ ಇರಾದು?" ಎಂದಳು. ಅಷ್ಟು ವರ್ಷಗಳಲ್ಲಿ ಹಾಗೆಂದವರು ಅವಳೊಬ್ಬಳೇ.

ಎರಡು ವರ್ಷ ಹೀಗೆ ನಡೆಯಿತು.

ಕಳೆದ ಮೇ ತಿಂಗಳ ಕೊನೆಗೆ ಸಂಘದ ಸಭೆ ಸೇರಿತು. ಬೇಸಿಗೆ ಮುಗಿಯುವ ಹೊತ್ತಿಗೆ ಪ್ರತಿ ವರ್ಷವೂ ಬಡಾವಣೆಯ ಸುದ್ದಿ ಮತ್ತು ಸೂಚನೆಗಳನ್ನು ಅಚ್ಚು ಹಾಕಿಸಿ ಮನೆಮನೆಗೆ ಹಂಚುವುದು, ಒಂದನ್ನು ಏರಿಯ ಗೇಟಿನ ಬೋರ್ಡಿಗೆ ಅಂಟಿಸುವುದು ವಾಡಿಕೆ. ಅಧ್ಯಕ್ಷ ಗುಡ್ಡಪ್ಪ ಹೇಳುತ್ತ ಹೋದರು, ರೇವತಿ ಬರೆದುಕೊಳ್ಳುತ್ತ ಹೋದಳು. ಮಳೆ ಬರುವ ಮುಂಚೆ ಚರಂಡಿಯ ಕಸ ತೆಗೆಸಿಕೊಳ್ಳಿ, ನೀರಿನ ತೊಟ್ಟಿ ತೊಳೆಸಿ, ತಂತಿಗೆ ತಾಗುವ ಕೊಂಬೆ ಕಡಿಸಿ, ಕಾರು ತೊಳೆಯಲು ಪೈಪು ಹಿಡಿಯಬೇಡಿ. ಎಲ್ಲ ಹಳೆಯವೇ.

"ಇನ್ನೊಂದು ಹೊಸಾದು ಸೇರಿಸ್ರಿ," ಎಂದರು ಗುಡ್ಡಪ್ಪ. "ಜೂನ್ ಒಂದರಿಂದ ಏರಿ ಮೇಲಿನ ಹಾದಿ ಸಂಘದ ಸದಸ್ಯರಿಗೆ ಮಾತ್ರ. ಹೊರಗಿನವರಿಗೆ ಪ್ರವೇಶ ಇಲ್ಲ. ಎರಡೂ ಕಡೆ ಗೇಟಿಗೆ ಕಾವಲು ಇರ್ತದ."

ಹಿಂದಿನ ವಾರ ಯಾರೋ ಹುಡುಗರು ಹಾದಿಯ ಮೇಲೆ ಬೈಕು ಓಡಿಸಿ ಒಬ್ಬ ಹಿರಿಯರನ್ನು ಕೆಡವಿದ್ದರು. ಬಾಟಲಿ ಒಡೆದು ಹಾಕಿ ಹೋಗಿದ್ದರು. ಸಭೆಯಲ್ಲಿ ಎಲ್ಲರೂ ಸರಿ ಸರಿ ಎಂದರು. ಭವ್ಯಾ ಎಂಬ ಲೆಕ್ಚರರ್ ಮಾತ್ರ, "ಕೆರೆ ನಮ್ದಲ್ಲಲ್ಲ ಸರ್, ಸರ್ಕಾರದ್ದು" ಎಂದಳು. "ಹಾದಿ ನಮ್ದು ಐತಲ್ಲಮ್ಮ" ಎಂದು ಗುಡ್ಡಪ್ಪ ನಕ್ಕರು. ರೇವತಿಯ ಪೆನ್ನು ಒಂದು ಕ್ಷಣ ನಿಂತಿತು. ಸಭೆಯಲ್ಲಿ ಮಾತಾಡುವುದು ಅವಳ ಕೆಲಸವಲ್ಲ. ಬರೆದುಕೊಂಡಳು. ಮರುದಿನ ಟೈಪು ಮಾಡಿದಳು. ಕಾಗುಣಿತ ತಪ್ಪಿಲ್ಲವೆಂದು ಎರಡು ಸಲ ನೋಡಿದಳು.

ಹಜೀರಾಬೀಗೆ ಹೇಳಬೇಕು ಅಂದುಕೊಂಡೇ ಪ್ರತಿ ಬೆಳಗ್ಗೆ ಮನೆಯಿಂದ ಹೊರಡುತ್ತಿದ್ದಳು. ಇವತ್ತು ಬೇಡ, ನಾಳೆ ಅಂದುಕೊಂಡು ಮರಳುತ್ತಿದ್ದಳು. ಕೊನೆಗೆ ಬೋರ್ಡಿಗೆ ಕಾಗದ ಅಂಟಿಸಿದ್ದಾಯಿತು. ಅದರ ಮುಂದೆ ಹಜೀರಾಬೀ ತಾನಾಗಿಯೇ ನಿಂತಳು.

"ಏನೋ ಹೊಸಾದು ಹಚ್ಯಾರ. ಏನ್ ಬರ್ದೈತಿ, ಓದು ನೋಡಾನ. ನಂಗ ಕನ್ನಡ ಓದಾಕ ಬರಂಗಿಲ್ಲಲ್ಲ."

ರೇವತಿ ಓದಿದಳು. ಚರಂಡಿಯದು ಓದಿದಳು, ತೊಟ್ಟಿಯದು ಓದಿದಳು, ಕೊಂಬೆಯದು ಓದಿದಳು. ಕಾರು ತೊಳೆಯುವುದರ ಬಗ್ಗೆ ಓದಿದಾಗ ಹಜೀರಾಬೀಗೆ ನಗು ಬಂತು. "ಇಷ್ಟ್ ಓದಿದೋರಿಗೆ ಇದನ್ನೂ ಹೇಳಿ ಕೊಡ್ಬೇಕೇನು? ಮುಂದ?"

"ಅಷ್ಟೇ ಹಜೀರಕ್ಕ," ಎಂದಳು ರೇವತಿ. "ಮುಂದೆ ಏನಿಲ್ಲ."

ಆ ಬೆಳಗ್ಗೆ ಇಬ್ಬರೂ ಇಡೀ ಏರಿ ನಡೆದರು. ಹಜೀರಾಬೀ ಏನೇನೋ ಹೇಳುತ್ತಿದ್ದಳು. ರೇವತಿಯ ಕಿವಿಗೆ ಒಂದೂ ಬೀಳಲಿಲ್ಲ. ಕಾವಲಿನ ಪಾಲಯ್ಯ ತಿಳಿದವನು, ಮುದುಕಿ ಅಂತ ಕಂಡೂ ಕಾಣದ ಹಾಗೆ ಬಿಟ್ಟಾನು ಎಂದು ತನಗೆ ತಾನೇ ಹೇಳಿಕೊಂಡಳು.

ಪಾಲಯ್ಯ ಬಿಡಲಿಲ್ಲ. ಜೂನ್ ಒಂದನೇ ತಾರೀಕು ಗುಡ್ಡಪ್ಪನವರೂ ಇನ್ನು ಕೆಲವರೂ ವ್ಯವಸ್ಥೆ ಹೇಗಿದೆ ನೋಡಲೆಂದು ಆಚೆ ದಂಡೆಯ ಗೇಟಿನ ಹತ್ತಿರವೇ ನಿಂತಿದ್ದರು. ರೇವತಿ ಏರಿಯ ತುದಿ ಮುಟ್ಟುವ ಹೊತ್ತಿಗೆ ಅಲ್ಲಿ ಮಾತು ಜೋರಾಗಿತ್ತು.

"ಸಂಘದ ಕಾರ್ಡ್ ಇದ್ರ ಮಾತ್ರ ಒಳಗ, ಬೂಬಮ್ಮ. ಬೋರ್ಡ್‌ನಾಗ ಬರ್ದೈತಿ," ಎನ್ನುತ್ತಿದ್ದ ಪಾಲಯ್ಯ.

"ಏನೂ ಬರ್ದಿಲ್ಲ ತಗಿ!" ಹಜೀರಾಬೀಯ ದನಿಯಲ್ಲಿ ಧೈರ್ಯವಿತ್ತು. "ನಂಗ ಓದಾಕ ಬರಾದಿಲ್ಲ ಅಂತ ಸುಳ್ಳು ಹೇಳ್ತೀಯೇನು? ಆಫೀಸಿನ ರೇವತಿ ಪೂರಾ ಓದಿ ಹೇಳ್ಯಾಳ. ಬೇಕಾದ್ರ ಆಕೀನ ಕೇಳು, ಅಗಾ ಬಂದ್ಳು."

ಎಲ್ಲರೂ ತಿರುಗಿ ನೋಡಿದರು. ಪಾಲಯ್ಯ ಗಲಿಬಿಲಿಯಾದ. "ಮೇಡಂ ಅವ್ರೇ ಅದನ್ನ ಟೈಪ್ ಮಾಡಿದ್ದು ಬೂಬಮ್ಮ..." ಎಂದ.

ಹಜೀರಾಬೀ ರೇವತಿಯ ಮುಖ ನೋಡಿದಳು. ರೇವತಿ ತಲೆ ತಗ್ಗಿಸಿದಳು. ನಿಂತವರಲ್ಲಿ ಯಾರೋ ಸಣ್ಣಗೆ ನಕ್ಕರು. ಹಜೀರಾಬೀ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಪಾಲಯ್ಯನಿಗೆ "ತಪ್ಪಾತಪ್ಪ" ಎಂದು ಹೇಳಿ, ಒಂದು ಮೊಣಕಾಲಿನ ಮೇಲೆ ಕೈಯೂರಿಕೊಳ್ಳುತ್ತ ಓಣಿಯ ಕಡೆ ಹೋದಳು.

ಅದೇ ದಿನ ರೇವತಿ ಗುಡ್ಡಪ್ಪನವರ ಬಳಿ ಹೋದಳು. ಕೆಟ್ಟ ಮನುಷ್ಯರಲ್ಲ ಅವರು. ಕೂಡ್ರಿ ಎಂದು ಕುರ್ಚಿ ತೋರಿಸಿದರು.

"ಆಕೆಗೆ ಮೊಣಕಾಲು ನೋವು ಸರ್. ಬೆಳಗ್ಗೆ ಒಂದು ತಾಸು ಮಾತ್ರ."

"ಒಬ್ಬರಿಗೆ ಬಿಟ್ರೆ ನಾಳೆ ಹತ್ತು ಜನ ಬರ್ತಾರಮ್ಮ. ನಿಮಗೇನು ತೊಂದ್ರೆ ಇಲ್ಲಲ್ಲ? ನೀವು ನಮ್ಮೋರು, ಎಷ್ಟೊತ್ತಿಗೆ ಬೇಕಾದ್ರೂ ಓಡಾಡ್ರಿ."

"ನಾನೂ ಮನೆ ಮಾಲೀಕಳಲ್ಲ ಸರ್," ಎಂದಳು ರೇವತಿ.

ಗುಡ್ಡಪ್ಪ ಅದನ್ನು ತಮಾಷೆಯೆಂದುಕೊಂಡು ನಕ್ಕರು. ಅವಳು ಎದ್ದು ಬಂದಳು.

ನಾಲ್ಕಾರು ದಿನ ಕಳೆದ ಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಆಚೆ ದಂಡೆಗೆ ಹೋದಳು. ಎರಡು ವರ್ಷದ ಗೆಳೆತನ, ಆದರೂ ಹಜೀರಾಬೀಯ ಮನೆ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಇಬ್ಬರಿಗೂ ಏರಿಯೇ ಮನೆಯಾಗಿತ್ತು. ಕೇಳಿಕೊಂಡು ಹೋಗಿ ಬಾಗಿಲು ಬಡಿದಾಗ ಸೊಸೆ ರಹೀಮುನ್ನೀಸಾ ಹೊರಬಂದಳು.

"ಅತ್ತೆ ಹರಿಹರಕ್ಕೆ ಮಗಳ ಮನೀಗೆ ಹೋಗ್ಯಾರ್ರಿ. ಇಲ್ಲಿ ನಡ್ಯಾಕ ಜಾಗ ಇಲ್ಲಲ್ಲ. ಎರಡು ದಿನ ರೋಡ್ ಮ್ಯಾಲೆ ನಡೆದ್ರು, ಕಾಲು ಬಾತು ಕುಂತವು." ಆಮೇಲೆ ಅವಳ ಮುಖವನ್ನೇ ನೋಡುತ್ತ, "ನೀವು ರೇವತಿ ಏನ್ರಿ?" ಎಂದು ಕೇಳಿದಳು.

ಹೌದೆಂದಾಗ ಅವಳು ಒಳಗೆ ಬರ್ರಿ ಎಂದೂ ಅನ್ನಲಿಲ್ಲ.

ಮಳೆಗಾಲ ಶುರುವಾಯಿತು. ಕೆರೆ ತುಂಬುತ್ತ ಬಂತು. ರೇವತಿ ಏರಿಯ ಮೇಲೆ ನಡೆಯುವುದನ್ನು ಬಿಟ್ಟಳು. ಬೆಳಗ್ಗೆ ಎದ್ದು, ಒಂದು ಲೋಟ ಕಾಫಿ ಮಾಡಿಕೊಂಡು, ಆಫೀಸಿನ ಬಾಗಿಲು ತೆಗೆಯುವ ಹೊತ್ತಾಗುವವರೆಗೆ ಔಟ್‌ಹೌಸಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೆಲವು ದಿನ ಮೊದಲ ಫೋನು ಬಂದಾಗ ದನಿಯೇ ಹೊರಡುತ್ತಿರಲಿಲ್ಲ. ಹಿಂದಿನ ಸಂಜೆಯಿಂದ ಒಂದು ಮಾತೂ ಆಡಿರುತ್ತಿರಲಿಲ್ಲ.

ಹರಿಹರಕ್ಕೆ ಹೋಗಬಹುದಿತ್ತು. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಒಮ್ಮೆ ವಾಪಸೂ ಬಂದಳು. ಅಣ್ಣನ ಊರೆಂಬ ಹಿಂಜರಿಕೆ ಒಂದು, ಹೋಗಿ ಏನು ಹೇಳುವುದೆಂಬ ಹೆದರಿಕೆ ಇನ್ನೊಂದು.

ದೀಪಾವಳಿ ಕಳೆದ ಮೇಲೆ ಸಂಘದ ಸಭೆಯಲ್ಲಿ ಭವ್ಯಾ ಹಾದಿಯ ಮಾತನ್ನು ಮತ್ತೆ ಎತ್ತಿದಳು. ಈ ಸಲ ಅವಳ ಜೊತೆ ಬೇರೆಯವರೂ ಸೇರಿದರು. ಯಾರ ಮನೆಯ ಕೆಲಸದವರಿಗೂ ಆಚೆ ದಂಡೆಯಿಂದ ಸುತ್ತು ಬಳಸಿ ಹೊತ್ತಿಗೆ ಸರಿಯಾಗಿ ಬರಲಾಗುತ್ತಿಲ್ಲ ಎಂಬುದು ಅವರ ತಕರಾರು. ಮಾತು ಮುಗಿಯುತ್ತ ಬಂದಾಗ ರೇವತಿ ಮೊದಲ ಬಾರಿಗೆ ಕೈ ಎತ್ತಿದಳು. "ಬೆಳಗ್ಗೆ ಹೊತ್ತು ಎಲ್ಲರಿಗೂ ಬಿಡ್ರಿ ಸರ್," ಎಂದಳು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಬೆಳಗ್ಗೆ ಗೇಟು ತೆರೆದಿಡುವುದೆಂದು ತೀರ್ಮಾನವಾಯಿತು.

ಆ ಭಾನುವಾರ ಅವಳು ಹರಿಹರದ ಬಸ್ಸು ಹತ್ತಿದಳು.

ಏರಿಯ ಮೇಲಿನ ಮಾತಿನ ನಡುವೆ ಹಜೀರಾಬೀ ಓಣಿಯ ಗುರುತು ಹೇಳಿದ್ದಳು, ಮಗಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಜೀರಾಬೀ ಹೊರಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಸೊರಗಿದ್ದಳು. ರೇವತಿಯನ್ನು ಕಂಡು ಎದ್ದೇಳಲು ನೋಡಿದಳು, ಆಗಲಿಲ್ಲ.

"ಬರ್ರಿ, ಬರ್ರಿ. ಕೂಡ್ರಿ. ಚಹಾ ಕುಡೀತೀರಿ?"

ಇಷ್ಟು ದಿನ ಬಾ, ಕೂಡು ಎನ್ನುತ್ತಿದ್ದವಳು. ರೇವತಿಗೆ ಆ ಮರ್ಯಾದೆಯ ಮಾತು ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಕಟ್ಟೆಯ ತುದಿಯಲ್ಲಿ ಕೂತು, ಗೇಟು ತೆಗೆದ ಸುದ್ದಿ ಹೇಳಿದಳು. "ಬೆಳಗ್ಗೆ ಎಲ್ಲರಿಗೂ ಬಿಡ್ತಾರ ಈಗ, ಹಜೀರಕ್ಕ. ನೀವು ಬರಬಹುದು."

"ಚಲೋ ಆತು," ಎಂದಳು ಹಜೀರಾಬೀ. ಒಳಗಿನಿಂದ ಚಹಾ ಬಂತು. ಅರ್ಧ ಕುಡಿದು ಲೋಟ ಕೆಳಗಿಟ್ಟು ಕೇಳಿದಳು: "ಅವತ್ತು ಯಾಕ ಓದ್ಲಿಲ್ಲ?"

ರೇವತಿ ದಾರಿಯುದ್ದಕ್ಕೂ ಏನೇನೋ ಉತ್ತರ ಕಟ್ಟಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಒಂದೇ. "ಓದಿದ್ರೆ ನೀವು ಮರುದಿನದಿಂದ್ಲೇ ಬರೋದು ಬಿಡ್ತೀರಿ ಅಂತ."

"ಬಿಡ್ತಿದ್ದೆ, ಖರೇನ," ಎಂದಳು ಹಜೀರಾಬೀ. "ಆದ್ರ ಮನ್ಯಾಗ ಕುಂತು ಬಿಡ್ತಿದ್ದೆ. ಅಷ್ಟು ಮಂದಿ ಮುಂದ ನಿಂತು ಅಲ್ಲ. ನಿಮ್ಮ ಹೆಸರು ಹೇಳಿ ಜಗಳ ಆಡ್ತಿದ್ದೆ ನಾ. ಅದು ನೆನಪಾದ್ರ ಈಗ್ಲೂ ಮಾರಿ ಸುಡ್ತೈತಿ."

ರೇವತಿಯ ಕಣ್ಣು ತುಂಬಿ ಬಂದವು. "ತಪ್ಪು ಮಾಡ್ದೆ," ಎಂದಳು.

"ಮಾಡಿದ್ರಿ." ಹಜೀರಾಬೀ ತಲೆಯಾಡಿಸಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಲೋಟ ಪಕ್ಕಕ್ಕೆ ಸರಿಸಿ, "ನಾ ಇನ್ನ ದಾವಣಗೆರೆಗೆ ಬರಾದಿಲ್ರಿ. ಮಗಳಿಗೆ ಇಲ್ಲಿ ಜೊತೆ ಬೇಕು. ಕಾಲೂ ಇಷ್ಟೇ. ಹೊಳಿ ಕಡೆ ನಾಲ್ಕು ಹೆಜ್ಜೆ ಹಾಕ್ತೀನಿ, ಸಾಕು" ಎಂದಳು. ಆಮೇಲೆ ಮಗಳ ಅತ್ತೆಯ ಬಗ್ಗೆ, ನೆರೆಮನೆಯವರ ಕೋಳಿಯ ಬಗ್ಗೆ ಮಾತಾಡಿದಳು. ಮೊದಲಿನ ಹಾಗೆ ಒಂದರಿಂದ ಒಂದಕ್ಕೆ ಹಾರಲಿಲ್ಲ. ನಡುನಡುವೆ ನಿಲ್ಲಿಸಿ, ಇನ್ನೇನು ಹೇಳಬೇಕೆಂದು ಹುಡುಕುತ್ತಿದ್ದಳು.

ಬಿಸಿಲು ಇಳಿಯುವವರೆಗೆ ರೇವತಿ ಕೂತಿದ್ದಳು. ಹೊರಡುವಾಗ ಹಜೀರಾಬೀ, "ಹಿಂಗ ಬರ್ರಿ ಆಗಾಗ" ಎಂದಳು. ಬಾಯಿಮಾತಿಗೆ ಹೇಳಿದಂತಿರಲಿಲ್ಲ.

ಅಣ್ಣನ ಓಣಿಯ ಮೂಲೆಯಲ್ಲಿ ಅವಳು ಒಮ್ಮೆ ನಿಂತಳು. ಮನೆಗೆ ಬಣ್ಣ ಹೊಡೆಸಿದ್ದರು. ಜಗುಲಿಯಲ್ಲಿ ಯಾರೂ ಇರಲಿಲ್ಲ. ಹೋಗಿ ಕರೆಯಬೇಕೆನ್ನಿಸಲಿಲ್ಲ, ಬಸ್ ಸ್ಟ್ಯಾಂಡಿಗೆ ನಡೆದಳು.

ಈಗ ತಿಂಗಳಿಗೊಮ್ಮೆ, ಕೆಲವೊಮ್ಮೆ ಎರಡು ತಿಂಗಳಿಗೊಮ್ಮೆ ರೇವತಿ ಹರಿಹರಕ್ಕೆ ಹೋಗಿಬರುತ್ತಾಳೆ. ಹಜೀರಾಬೀ ಇಂದಿಗೂ ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತಾಳೆ. ರೇವತಿ ಅದಕ್ಕೆ ಒಗ್ಗಿಕೊಳ್ಳುತ್ತಿದ್ದಾಳೆ. ಉಳಿದ ದಿನಗಳಲ್ಲಿ ಬೆಳಗ್ಗೆ ಮತ್ತೆ ಏರಿಯ ಮೇಲೆ ನಡೆಯುತ್ತಾಳೆ, ಒಬ್ಬಳೇ. ಆಚೆ ದಂಡೆಯ ಹೆಂಗಸರು ಗುಂಪಾಗಿ ಎದುರು ಬಂದಾಗ ಬದಿಗೆ ಸರಿದು ದಾರಿ ಬಿಡುತ್ತಾಳೆ. ಅವರು ತಮ್ಮ ಮಾತಿನಲ್ಲೇ ಮುಳುಗಿ ಮುಂದೆ ಹೋಗುತ್ತಾರೆ.