ಬಾದಾಮಿ ಕೆರೆಯ ದಂಡೆಯಲ್ಲಿ ನಾನು ಕಸಿದದ್ದು

ನೀಲವ್ವಾ, ನನ್ನ ಮಕ್ಕಳು ನಿನ್ನನ್ನು ‘ಅವ್ವ’ ಎನ್ನುವುದನ್ನು ಬಿಡಿಸಿದವಳು ನಾನು. ಶಾಲೆಯಲ್ಲ, ಓಣಿಯವರಲ್ಲ, ಅವರ ಬುದ್ಧಿ ಬೆಳೆದದ್ದೂ ಅಲ್ಲ — ನಾನು. ನೀನು ಮಣ್ಣಿಗೆ ಹೋಗಿ ಹನ್ನೆರಡು ದಿನವಾದ ಮೇಲೆ ಬರೆಯುತ್ತಿದ್ದೇನೆ. ಕೇಳಬೇಕಾದವಳು ಇಲ್ಲದಾಗ ಹೇಳುವುದು ಎಷ್ಟು ಸುಲಭ! ಆ ಸುಲಭಕ್ಕೇ ನನಗೆ ನನ್ನ ಮೇಲೆ ಸಿಟ್ಟು.

ನೀನು ನನ್ನ ಗಂಡನ ತಂಗಿ. ಹದಿಮೂರಕ್ಕೇ ಗಂಡನನ್ನು ಕಳೆದುಕೊಂಡು ಹೊರ್ತಿಯ ತವರಿಗೆ ಮರಳಿದ್ದೆ. ಬಸೂನನ್ನು ಹಡೆದು ನಾನು ಆರು ತಿಂಗಳು ಹಾಸಿಗೆ ಹಿಡಿದಾಗ ಆಡಿನ ಹಾಲು ಕುಡಿಸಿ ಅವನನ್ನು ಉಳಿಸಿದವಳು ನೀನು. ಶಾಂತಾ ಹುಟ್ಟಿದಾಗಲೂ ಅವಳನ್ನು ಮೊದಲು ಎತ್ತಿಕೊಂಡದ್ದು ನೀನೇ. ಅಣ್ಣನ ಹೆಂಡತಿಯೆಂದು ನೀನು ನನ್ನನ್ನು ‘ವೈನಿ’ ಎನ್ನುತ್ತಿದ್ದೆ. ಕೇಳಿ ಕೇಳಿ ಮಕ್ಕಳೂ ನನ್ನನ್ನು ವೈನಿ ಎಂದವು. ನಿನ್ನನ್ನು ಅವ್ವ ಎಂದವು. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೀಗಿಲ್ಲ? ನನಗೂ ಅದು ಚುಚ್ಚುತ್ತಿರಲಿಲ್ಲ — ಇಲ್ಲ, ಸುಳ್ಳು. ಚುಚ್ಚುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಿತ್ತು.

ಏಕೀಕರಣಕ್ಕೆ ಮುಂಚಿನ ಒಂದು ದೀಪಾವಳಿ ರಜೆ. ಕನ್ನಡ ಶಾಲೆಯ ಮಾಸ್ತರರಾಗಿದ್ದ ನನ್ನ ಗಂಡ ನಮ್ಮೆಲ್ಲರನ್ನೂ ಮೂರು ದಿನ ಬಾದಾಮಿಗೆ ಕರೆದೊಯ್ದರು. ವಿಜಾಪುರದವರೆಗೆ ಮೋಟಾರು, ಮುಂದೆ ರೈಲು. ಬಸೂಗೆ ಐದು ವರ್ಷ, ಶಾಂತಾಗೆ ಮೂರು. ಅಷ್ಟು ನೀರನ್ನು ಒಂದೇ ಕಡೆ ನಾವ್ಯಾರೂ ಕಂಡವರಲ್ಲ. ಕೆರೆಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆವು. ಮಂಗವೊಂದು ಬಂದು ಬಸೂನ ಕೈಯ ರೊಟ್ಟಿ ಕಿತ್ತಿತು. ಅವನು ‘ಅವ್ವಾ!’ ಎಂದು ಕಿರುಚಿ ಓಡಿದ — ತೋಳು ಚಾಚಿ ಕೂತಿದ್ದ ನನ್ನನ್ನು ದಾಟಿ, ನಿನ್ನ ಸೆರಗಿನೊಳಗೆ.

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನಿನ್ನತ್ತ ಕೈ ತೋರಿಸಿ ನನ್ನನ್ನು ನೋಡಿ ನಕ್ಕಳು. “ಯಕ್ಕಾ, ಹಡದಾಕಿ ಅಲ್ಲಿ ಕುಂತಾಳ. ನೀ ಬರೇ ಬುತ್ತಿ ಹೊರಾಕ ಬಂದಿಯೇನ?”

“ಬುತ್ತಿ ಅಷ್ಟ ಅಲ್ಲ, ನನ್ನೂ ಹೊತ್ಕೊಂಡ ಬಂದಾಳ!” ಎಂದು ಇವರೂ ನಕ್ಕರು.

ನೀನು ನಗಲಿಲ್ಲ. “ಬಸೂ, ವೈನಿ ಕಡೆ ಹೋಗಪಾ,” ಎಂದು ಅವನನ್ನು ನನ್ನತ್ತ ದೂಡಿದೆ. ನೀನು ಹಾಗೆ ಬಿಟ್ಟುಕೊಟ್ಟದ್ದೇ ನನ್ನನ್ನು ಸುಟ್ಟಿತು. ನನ್ನ ಮಗನನ್ನು ನನಗೆ ಕೊಡಲು ನೀನ್ಯಾರು ಎಂದು —

ಮರುದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಧರ್ಮಶಾಲೆಯ ಕಟ್ಟೆಯ ಮೇಲೆ ಮಕ್ಕಳಿಬ್ಬರನ್ನೂ ಕೂರಿಸಿ ಬತ್ತಾಸು ಕೊಟ್ಟೆ.

“ಇನ್ನ ಮ್ಯಾಲೆ ಅಕಿಗೆ ಅವ್ವ ಅನಬ್ಯಾಡ್ರಿ. ಅತ್ತಿ ಅನ್ರಿ.”

“ಯಾಕ?” ಎಂದ ಬಸು.

“ನೀವು ಅವ್ವ ಅಂದ್ರ ಅಕಿ ಸಾಯ್ತಾಳ.”

ಬಾಯಿ ತಪ್ಪಿ ಬಂದದ್ದಲ್ಲ. ಹಿಂದಿನ ದಿನದಿಂದ ಹುಡುಕಿ ಆರಿಸಿಟ್ಟ ಮಾತು. ಬಸು ಬತ್ತಾಸನ್ನು ಉಗುಳಿ ಅತ್ತ. ಮಧ್ಯಾಹ್ನ ಅವನು ‘ಅತ್ತೀ’ ಎಂದು ಕರೆದಾಗ, ಯಾವ ಅತ್ತೆ ಬಂದಳೆಂದು ನೀನು ಹಿಂದಿರುಗಿ ನೋಡಿದೆ.

ರೈಲಿನಲ್ಲಿ ನೀನು ಕೇಳಿದೆ: “ವೈನಿ, ಹುಡುಗರು ಯಾಕೋ ಅತ್ತಿ ಅನ್ನಾಕತ್ತಾವ. ನಾ ಏನರ ತಪ್ಪ ಮಾಡೇನೇನು?”

“ದೊಡ್ಡವ ಆಗಾಕತ್ತಾವ. ತಾವ ತಿಳಕೊಂಡಾವ,” ಎಂದೆ.

ನೀನು ನಂಬಿದೆ. ಯಾಕೆ ನಂಬಿದೆ? ಯಾಕೆ ನನ್ನ ಜುಟ್ಟು ಹಿಡಿದು ಜಗಳಾಡಲಿಲ್ಲ? ಸತ್ತವಳ ಮೇಲೂ ಸಿಟ್ಟು ಬರುತ್ತದೆ, ನೋಡು.

ಕಸಿದದ್ದು ನನಗೂ ದಕ್ಕಲಿಲ್ಲ. ಊರಿಗೆ ಬಂದ ಮೇಲೆ “ನನಗ ಅವ್ವ ಅನ್ನು” ಎಂದರೆ ಬಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. “ಒಲ್ಲೆ. ನೀನೂ ಸಾಯ್ತಿ.” ಮುಂದೆ ಹದಿನೈದು ವರ್ಷ ನಮ್ಮ ಮನೆಯಲ್ಲಿ ಅವ್ವ ಎನ್ನುವ ಮಾತೇ ಇರಲಿಲ್ಲ.

ನಿನ್ನನ್ನು ಒಯ್ಯುವಾಗ ನೆರೆದ ಹೆಂಗಸರು “ಪಾಪ, ಮಕ್ಕಳಿಲ್ಲದ ಜೀವ” ಎಂದರು. ಅವರ ಬಾಯಿಗೆ ಮಣ್ಣು ತುಂಬುವಷ್ಟು ಸಿಟ್ಟು ಬಂತು. ಆದರೆ ನಿನ್ನನ್ನು ಮಕ್ಕಳಿಲ್ಲದವಳಾಗಿ ಮಾಡಿದ್ದು ಅವರೇನು?

ಆ ಸಂಜೆ ಬಸು, ಈಗ ವಿಜಾಪುರದಲ್ಲಿ ಕಾಲೇಜು ಓದುವ ಬಸು, ನನ್ನ ಪಕ್ಕ ಬಂದು ಕೂತ. “ಅತ್ತಿ ಕಡೀಕ ನನ್ನ ಮಾರಿನ ನೋಡಾಕತ್ತಿದ್ಲು, ವೈನಿ. ಅವ್ವ ಅನಬೇಕಂತ ನಾಲಿಗಿ ತುದೀಗೆ ಬಂತು. ಅಂದ್ರ ಸಾಯ್ತಾಳ ಅನಿಸ್ತು. ನಾ ಸಣ್ಣಾಂವ ಇದ್ದಾಗ ಯಾರ ಹೇಳಿದ್ರೋ ಏನೋ... ಹುಚ್ಚರಂಗ ಸುಮ್ಮನ ನಿಂತಬಿಟ್ಟೆ.”

ಯಾರು ಹೇಳಿದರೆಂದು ಅವನಿಗೆ ನೆನಪಿಲ್ಲ. “ಆತೇಳಪಾ, ಊಟಾ ಮಾಡ” ಎಂದೆ ನಾನು. ಆ ಕ್ಷಣದಲ್ಲೂ! ಅವನ ಮರೆವಿನ ಹಿಂದೆ ಅಡಗಿ ಹನ್ನೆರಡು ದಿನ ಉಂಡೆ, ಮಲಗಿದೆ.

ಸೋಮವಾರ ಅವನು ವಿಜಾಪುರಕ್ಕೆ ಹೊರಡುತ್ತಾನೆ. ಅದಕ್ಕೆ ಮುಂಚೆ, ಅವನಪ್ಪನೆದುರು, ಶಾಂತಾಳನ್ನೂ ಕೂರಿಸಿಕೊಂಡು, ಹೇಳಿದವಳು ನಾನು ಎನ್ನುತ್ತೇನೆ. ಅವನು ಬೈಯಲಿ, ಎದ್ದು ಹೋಗಲಿ, ಮತ್ತೆ ಊರಿಗೇ ಬಾರದಿರಲಿ. ‘ಹೋಗ್ಲಿ ಬಿಡು ವೈನಿ’ ಎಂದು ಕ್ಷಮಿಸಿದರೆ ಮಾತ್ರ ನಾನು ತೆಗೆದುಕೊಳ್ಳುವುದಿಲ್ಲ. ಅದು ಅವನು ಕೊಡುವಂಥದ್ದಲ್ಲ.