ಹದಿನಾಲ್ಕು ಬೋರಿನ ಒಂದು ತೋಟಾ

ಶನಿವಾರ ಬೆಳಿಗ್ಗೆ ನಾನು ಮತ್ತು ಚಿಕ್ಕಪ್ಪ ಮಧುರೆಯಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆವು. ಶನಿಮಹಾತ್ಮನ ದರ್ಶನಕ್ಕೆ ಬಂದವರು ಎಳ್ಳೆಣ್ಣೆ ಹಿಡಿದುಕೊಂಡು ಅದೇ ಬಸ್ಸಿನಿಂದ ಇಳಿಯುತ್ತಿದ್ದರು. "ಊರೋರೆಲ್ಲ ಶನಿ ಬಿಡಿಸ್ಕೊಳ್ಳಕ್ಕೆ ಇಲ್ಲಿಗೆ ಬತ್ತಾರೆ, ನಾವು ನೋಡು, ಹೆಗಲ ಮೇಲೆ ಕೂರಿಸ್ಕೊಂಡು ಹೊಂಟಿದ್ದೀವಿ" ಎಂದ ಚಿಕ್ಕಪ್ಪ. ನನಗೆ ನಗು ಬರಲಿಲ್ಲ. ಧನುರ್ಮಾಸದ ಚಳಿ, ಕಿಟಕಿಗಳಿಗೆ ಗಾಜಿಲ್ಲ. ಇಬ್ಬರಿಗೂ ಸೇರಿ ಐದು ರೂಪಾಯಿ ಟಿಕೆಟ್ಟು. ಚಿಕ್ಕಪ್ಪನ ಕೈಚೀಲದಲ್ಲಿ ಕೋವಿಯ ಲೈಸೆನ್ಸು ಪುಸ್ತಕ ಮತ್ತು ಕೆಟ್ಟುಹೋದ ಒಂದು ತೋಟಾ ಇದ್ದವು.

ನಮ್ಮಪ್ಪ ಹಾಸಿಗೆ ಹಿಡಿದಿದ್ದರು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಅದರ ಅರ್ಥ ಅಪ್ಪನಿಗೂ ಗೊತ್ತಿತ್ತು. ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಮನೆಯ ಹಿರಿಯ ಸತ್ತರೆ ಚಟ್ಟ ಎತ್ತುವ ಮುಂಚೆ ಅಂಗಳದಲ್ಲಿ ಆಕಾಶಕ್ಕೆ ಒಂದು ಈಡು ಹಾರಿಸಬೇಕು. ಬೇಟೆ ನಿಂತುಹೋದ ಮೇಲೆ ನಮ್ಮ ಸೀಮೆಯಲ್ಲಿ ಕೋವಿಯ ಸದ್ದು ಕೇಳಿದರೆ ಅದಕ್ಕೆ ಒಂದೇ ಅರ್ಥ. ಕೆರೆಯಾಚೆಯ ಹಳ್ಳಿಗಳವರು ಕೈಯಲ್ಲಿದ್ದ ಕೆಲಸ ಬಿಟ್ಟು ನಮ್ಮ ಮನೆಯ ದಾರಿ ಹಿಡಿಯುತ್ತಾರೆ. ನಮ್ಮಜ್ಜ ಹೋದಾಗಲೂ ಹಾಗೇ ಆಗಿತ್ತು.

ಅದಕ್ಕಾಗಿ ಅಪ್ಪ ಎರಡು ತೋಟಾಗಳನ್ನು ಉಳಿಸಿಟ್ಟಿದ್ದರು. ಆದರೆ ಆಯುಧಪೂಜೆ ಬಂದಾಗಲೆಲ್ಲ ಅಮ್ಮ ಕೋವಿಯ ಜೊತೆಗೆ ಅವನ್ನೂ ಮಣೆಯ ಮೇಲಿಟ್ಟು, ನೀರು ಚಿಮುಕಿಸಿ, ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಹಳೆಯ ಕಾಲದ ಕಾಗದದ ತೋಟಾ. ಎಷ್ಟು ವರ್ಷ ತಡೆದೀತು? ಹೋದ ವಾರ ಅಪ್ಪನ ಒತ್ತಾಯಕ್ಕೆ ಚಿಕ್ಕಪ್ಪ ಅವನ್ನು ನಳಿಗೆಗೆ ಹಾಕಲು ಹೋದರೆ ಊದಿಕೊಂಡು ಒಳಗೇ ಇಳಿಯಲಿಲ್ಲ. ಒಂದು ಒಡೆದು, ಒಳಗಿನ ಮದ್ದು ಮಳೆಗಾಲದ ಉಪ್ಪಿನಂತೆ ಗಟ್ಟಿಯಾಗಿದ್ದದ್ದು ಕಂಡಿತು. ಅಮ್ಮ ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ. "ದೇವ್ರು ಅಂತ ಮಾಡ್ದೆ ಕಣೇ" ಎನ್ನುವುದು, ಅಳುವುದು. ಅಪ್ಪ ಮಾತ್ರ ಕಣ್ಣು ಬಿಟ್ಟಾಗಲೆಲ್ಲ "ತೋಟಾ ಸಿಕ್ತಾ?" ಎಂದು ಕೇಳುತ್ತಿದ್ದರು.

ದೊಡ್ಡಬಳ್ಳಾಪುರದಲ್ಲಿ ಇಳಿದಾಗ ಮಗ್ಗಗಳ ಸದ್ದು ಆಗಲೇ ಬೀದಿ ತುಂಬಿತ್ತು. ಬಸ್‌ಸ್ಟ್ಯಾಂಡಿನ ಎದುರು ಇಡ್ಲಿ ತಿಂದೆವು. ಚಟ್ನಿ ನೀರಾಗಿತ್ತು, ಆದರೂ ಚಿಕ್ಕಪ್ಪ ಎರಡು ಸಲ ಹಾಕಿಸಿಕೊಂಡ. ಕೋವಿ ರಿಪೇರಿಯ ಅಂಗಡಿ ಪೇಟೆಯ ಒಂದು ಓಣಿಯಲ್ಲಿತ್ತು. ಅಂಗಡಿಯ ಸಾಬರು ನಾವು ಬಂದ ಕಾರಣ ಕೇಳಿಕೊಂಡು, ನಮ್ಮ ತೋಟಾವನ್ನು ಕನ್ನಡಕದ ಹತ್ತಿರ ಹಿಡಿದು ತಿರುಗಿಸಿ ನೋಡಿದರು.

"ಹದಿನಾಲ್ಕು ಬೋರು. ಇದು ನಮ್ಮ ಅಬ್ಬಾ ಕಾಲದಲ್ಲೇ ನಿಂತೋಯ್ತಮ್ಮ. ಈಗ ಸಿಗೋದು ಹನ್ನೆರಡು, ಹದಿನಾರು. ನಂಬರು ಹೆಚ್ಚಾದಷ್ಟೂ ತೋಟಾ ಸಣ್ಣ. ಹನ್ನೆರಡು ಒಳಗೆ ಹೋಗಲ್ಲ, ಹದಿನಾರು ಜಾರಿ ಮುಂದಕ್ಕೆ ಹೋಗ್ಬಿಡುತ್ತೆ."

"ಏನಾದ್ರೂ ಸುತ್ತಿ ಹಾಕಿದ್ರೆ?" ಎಂದ ಚಿಕ್ಕಪ್ಪ.

"ಸುತ್ತಿ ಹಾಕಿದ್ರೆ ನಿಮ್ಮ ಮನೇಲಿ ಎರಡು ಚಟ್ಟ ಕಟ್ಟಬೇಕಾಗುತ್ತೆ" ಎಂದರು ಸಾಬರು, ಸ್ವಲ್ಪವೂ ನಗದೆ. ಆಮೇಲೆ ನನ್ನ ಮುಖ ನೋಡಿ ಮಾತು ಮೆತ್ತಗಾಯಿತು. ಇದೇ ಅಳತೆಯ ಇನ್ನೊಂದು ಕೋವಿ ದೇವನಹಳ್ಳಿಯ ಕೋಟೆಯೊಳಗೆ ವೆಂಕಟಪ್ಪ ಎನ್ನುವವರ ಮನೆಯಲ್ಲಿ ಇದೆಯೆಂದು ಹೇಳಿದರು. ಹಳೆಯ ಕಥೆ ನೆನಪಾಗಿ ಚಿಕ್ಕಪ್ಪ ತಲೆಗೆ ಕೈ ಹೊಡೆದುಕೊಂಡ. ಯಾವುದೋ ಬಿಳಿಯ ದೊರೆಗೆ ಬೇಟೆಯಲ್ಲಿ ಪೊದೆ ಬಡಿದು ಪ್ರಾಣಿಗಳನ್ನು ಸೋಹುತ್ತಿದ್ದ ಇಬ್ಬರು ಸ್ನೇಹಿತರಿಗೆ ಅವನು ಊರು ಬಿಡುವಾಗ ಜೋಡಿ ಕೋವಿ ಕೊಟ್ಟು ಹೋಗಿದ್ದನಂತೆ. ಒಬ್ಬ ನಮ್ಮ ಮುತ್ತಜ್ಜ, ಇನ್ನೊಬ್ಬ ವೆಂಕಟಪ್ಪನವರ ಅಜ್ಜ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ನಮ್ಮ ಕಥೆ.

ದೇವನಹಳ್ಳಿಯ ಬಸ್ಸಿನಲ್ಲಿ ಅವರೆಕಾಯಿ ಮೂಟೆಗಳ ನಡುವೆ ನಿಂತೇ ಹೋದೆವು. ಅಲ್ಲಿ ವಿಮಾನ ನಿಲ್ದಾಣ ಬರುತ್ತದಂತೆ ಎಂದು ಯಾರೋ ಹೇಳಿದರು. "ಮೊದ್ಲು ಈ ಬಸ್ಸು ಟೈಮಿಗೆ ಬರ್ಲಿ ಗುರು" ಎಂದ ಕಂಡಕ್ಟರು. ಎಲ್ಲರೂ ನಕ್ಕರು. ನಾನು ಮಾತ್ರ, ನಾವು ಹೀಗೆ ಸುತ್ತುತ್ತಿರುವಾಗಲೇ ಅಪ್ಪ ಹೋಗಿಬಿಟ್ಟರೆ ಎಂದು ಯೋಚಿಸುತ್ತಿದ್ದೆ.

ವೆಂಕಟಪ್ಪನವರು ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಒಂದು ಕಣ್ಣಿಗೆ ಪೂರಾ ಪೊರೆ ಬಂದಿತ್ತು. ಅಪ್ಪನ ಹೆಸರು ಹೇಳಿದ್ದೇ ತಡ, ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಗೌರಮ್ಮನವರು, ಉಣ್ಣದೆ ಮಾತಾಡುವಂತಿಲ್ಲ ಎಂದು ಮುದ್ದೆ, ಹಿತಕಿದಬೇಳೆ ಸಾರು ಬಡಿಸಿದರು. ಸಾರು ಬಹಳ ರುಚಿಯಾಗಿತ್ತು. ಅಪ್ಪ ಗಂಜಿ ಕುಡಿದುಕೊಂಡು ಮಲಗಿರುವಾಗ ನನಗೆ ಹೀಗೆ ರುಚಿ ಹತ್ತುತ್ತಿದೆಯಲ್ಲ ಎಂದು ಸಂಕಟವಾಯಿತು.

"ಹೆಂಗವ್ನೆ ನಿಮ್ಮಪ್ಪ?" ಎಂದು ಕೇಳಿದರು ವೆಂಕಟಪ್ಪನವರು.

"ಇವತ್ತೋ ನಾಳೆಯೋ ಅನ್ನೋ ಹಂಗವ್ರೆ."

ಅವರು ಎದ್ದು, ಟ್ರಂಕಿನ ತಳದಿಂದ ಒಂದು ತಗಡಿನ ಡಬ್ಬಿ ತೆಗೆದರು. ಹತ್ತಿಯಲ್ಲಿ ಸುತ್ತಿದ ಒಂದೇ ಒಂದು ತೋಟಾ. ಒಣಗಿತ್ತು, ಬಣ್ಣವೂ ಮಾಸಿರಲಿಲ್ಲ.

"ನಮ್ಮನೇಲಿ ಅದಕ್ಕೆ ಪೂಜೆ ಗೀಜೆ ಇಲ್ಲ" ಎಂದರು ಗೌರಮ್ಮನವರು. "ಜೀವ ತೆಗೆಯೋದಕ್ಕೆ ನಾನ್ಯಾಕೆ ಕುಂಕುಮ ಇಡ್ಲಿ?" ಗಂಡ ಅದನ್ನು ನನ್ನ ಕೈಗಿಡುವುದು ಕಂಡಾಗ ಅವರ ದನಿ ಇಳಿಯಿತು. "ಅದು ನಿಮಗೆ ಅಂತ ಇಟ್ಕೊಂಡಿದ್ದಲ್ವಾ?"

"ನಂಗೆ ಒಂದು ನಾಕು ಲಕ್ಷ್ಮಿ ಪಟಾಕಿ ಹಚ್ಚಿ, ಆಯ್ತದೆ" ಎಂದರು ವೆಂಕಟಪ್ಪನವರು.

ಒಂದು ಸಲ ಬಂದು ಅಪ್ಪನನ್ನು ನೋಡಿಕೊಂಡು ಹೋಗಿ ಎಂದೆ. "ಹಂದಿ ಹಿಂದೆ ಓಡ್ತಿದ್ದೋನು ಮಲಗಿರೋದು ನೋಡಕ್ಕಾಗಲ್ಲ ಮಗಾ" ಎಂದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಗೌರಮ್ಮನವರೇ ಬಾಗಿಲವರೆಗೆ ಬಂದು, ನನ್ನ ಹಣೆಗೆ ಕುಂಕುಮವಿಟ್ಟು ಕಳಿಸಿದರು.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದೆ. ದೊಡ್ಡಬಳ್ಳಾಪುರದಲ್ಲಿ ಬಸ್ಸು ತಪ್ಪಿ, ಸೊಪ್ಪಿನ ಟೆಂಪೋ ಹತ್ತಿ, ಹೊತ್ತು ಮುಳುಗುವ ಮುಂಚೆ ಮಧುರೆ ಸೇರಿದೆವು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಪ್ಪನಿಗೆ ಎಚ್ಚರವಿತ್ತು. ಡಬ್ಬಿ ತೆರೆದು ತೋರಿಸಿ, ಯಾರು ಕೊಟ್ಟದ್ದೆಂದು ಹೇಳಿದೆ. ಅಪ್ಪ ತೋಟಾವನ್ನು ಬೆರಳಲ್ಲಿ ತಡವಿ ನೋಡಿದರು. ವೆಂಕಟಪ್ಪನವರ ಹೆಸರನ್ನು ಮತ್ತೊಮ್ಮೆ ನನ್ನ ಬಾಯಲ್ಲಿ ಹೇಳಿಸಿದರು.

ಆಮೇಲೆ ಚಿಕ್ಕಪ್ಪನಿಗೆ, "ಈಗ್ಲೇ ಹೊಡಿಯೋ" ಎಂದರು.

ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. "ಈಗ್ಲಾ? ಜನ ಬಂದ್ಬಿಡ್ತಾರೆ ಕಣಣ್ಣಾ."

"ಬರ್ಲಿ."

ನಾನು ಬೇಡವೆಂದೆ. ಇದಕ್ಕಾಗಿ ಊರೂರು ಸುತ್ತಿದ್ದೇವೆ, ಇರುವುದು ಒಂದೇ, ಆಮೇಲೆ ಏನು ಮಾಡುವುದು ಎಂದು ಸಿಟ್ಟಿನಲ್ಲಿ ಅತ್ತೇಬಿಟ್ಟೆ. ಅಪ್ಪ ನನ್ನ ಕಡೆ ನೋಡಿದರೇ ಹೊರತು ಮಾತು ಬದಲಿಸಲಿಲ್ಲ. ಚಿಕ್ಕಪ್ಪ ಅಂಗಳಕ್ಕೆ ಹೋದ. ಈಡು ಹಾರಿತು. ಮರದಲ್ಲಿದ್ದ ಕಾಗೆಗಳೆಲ್ಲ ಎದ್ದವು, ಕೆರೆಯ ಮೇಲೆ ಸದ್ದು ಉರುಳಿಕೊಂಡು ಹೋಯಿತು. ಅದು ಪೂರಾ ಅಡಗುವವರೆಗೂ ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಮೊದಲು ಪಕ್ಕದ ಕೇರಿಯವರು ಬಂದರು. ಆಮೇಲೆ ಕೆರೆ ಏರಿಯ ಮೇಲೆ ಸಾಲುಸಾಲಾಗಿ ಜನ. ಹೊಲದ ಮಣ್ಣು ಕಾಲಿಗೆ ಮೆತ್ತಿದ್ದವರು, ಸೆರಗು ಬಾಯಿಗಿಟ್ಟುಕೊಂಡ ಹೆಂಗಸರು. ಒಂದಿಬ್ಬರು ಹೂವಿನ ಹಾರ ತಂದಿದ್ದರು. ಬಾಗಿಲು ದಾಟಿ ಒಳಗೆ ಬಂದವರು, ದಿಂಬಿಗೆ ಒರಗಿ ಕೂತಿದ್ದ ಅಪ್ಪನನ್ನು ನೋಡಿ ಬೆಚ್ಚಿ ನಿಂತರು. ಕೆಲವರಿಗೆ ಸಿಟ್ಟು ಬಂತು, ಕೆಲವರು ಇನ್ನೂ ಜೋರಾಗಿ ಅತ್ತರು. ಅಪ್ಪ ಒಬ್ಬೊಬ್ಬರನ್ನೂ ಹತ್ತಿರ ಕರೆದು ಕೈ ಹಿಡಿದುಕೊಂಡರು. ರಾಗಿ ಕೊಯ್ಲು ಮುಗಿಯಿತೇ, ಸೊಸೆ ಹೆತ್ತಳೇ ಎಂದು ಕೇಳಿದರು. ಅಷ್ಟು ಮಾತನ್ನು ಅವರು ತಿಂಗಳಿಂದ ಆಡಿರಲಿಲ್ಲ.

"ಯಾಕಪ್ಪಾ ಹಿಂಗೆ ಮಾಡ್ದೆ, ಎದೆ ಒಡೆದೋಯ್ತಲ್ಲ" ಎಂದು ಬೈದರು ಕೆರೆಯಾಚೆಯ ಮುದುಕರೊಬ್ಬರು.

"ನೀವೆಲ್ಲ ಬರೋದು ನಾನು ನೋಡ್ಬೇಕಿತ್ತು" ಎಂದರು ಅಪ್ಪ.

ಆ ವಾರ ದಾಟುವ ಮುಂಚೆ ಅಪ್ಪ ತೀರಿಕೊಂಡರು. ಹಾರಿಸಲು ಈಡಿರಲಿಲ್ಲ. ಚಿಕ್ಕಪ್ಪ ಸೈಕಲ್ಲಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ ಸುದ್ದಿ ಮುಟ್ಟಿಸಿದ. ಎಷ್ಟೋ ಮನೆಗಳಿಗೆ ಅದು ತಲುಪಿದ್ದು ಮಣ್ಣಾದ ಮೇಲೆ. ಚಟ್ಟ ಎತ್ತುವಾಗ ಅಂಗಳದಲ್ಲಿ ಮನೆಯವರು ಬಿಟ್ಟರೆ ಕೇರಿಯವರಷ್ಟೇ ಇದ್ದರು. ಅಮ್ಮ ಜನರಿಲ್ಲದ ಕೆರೆ ಏರಿಯ ಕಡೆಗೇ ನೋಡುತ್ತಿದ್ದಳು. ನಾನು ಅವಳ ಭುಜ ಹಿಡಿದು ಈಚೆಗೆ ತಿರುಗಿಸಿಕೊಂಡೆ. ಬರಬೇಕಾದವರೆಲ್ಲ ಬಂದು ಹೋಗಿ ಆಗಿತ್ತು.